ಹಾರ್ಮೋನ್ ಎಂಬ ಒಂದೇ ಹೆಸರು, ಹಲವು ಔಷಧ

ಋತುಬಂಧದ ನಂತರ ಯೋನಿಯ ಒಳಪದರ ತೆಳುವಾಗಿ, ಒಣಗಿ, ಉರಿಯುವುದು ಬಹಳ ಮಹಿಳೆಯರಿಗೆ ಇರುವ ತೊಂದರೆ. ಅದಕ್ಕೆ ವೈದ್ಯರು ಬರೆದುಕೊಡುವ ಒಂದು ಪುಟ್ಟ ಮಾತ್ರೆಯಿದೆ. ಯೋನಿಯೊಳಗೆ ಇಟ್ಟುಕೊಳ್ಳುವ ಈ ಮಾತ್ರೆಯಲ್ಲಿರುವುದು 10 ಮೈಕ್ರೋಗ್ರಾಂ ಈಸ್ಟ್ರಡಯೋಲ್, ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನ್‌ನ ಒಂದು ಬಗೆ. ಮೊದಲ ಎರಡು ವಾರ ದಿನಕ್ಕೊಂದು, ಆಮೇಲೆ ವಾರಕ್ಕೆರಡು. ಲೆಕ್ಕ ಹಾಕಿ ನೋಡಿದರೆ ಇಡೀ ವರ್ಷಕ್ಕೆ ಸೇರುವುದು 1.14 ಮಿಲಿಗ್ರಾಂ. ಬಾಯಲ್ಲಿ ನುಂಗುವ ಈಸ್ಟ್ರಡಯೋಲ್ ಮಾತ್ರೆಯಾದರೆ ಸುಮಾರು ಅಷ್ಟೇ ಔಷಧ ಒಂದೇ ದಿನದಲ್ಲಿ ಹೊಟ್ಟೆಗೆ ಹೋಗುತ್ತದೆ. ಆದರೂ ಅಮೆರಿಕದಲ್ಲಿ ಇಂಥ ಮಾತ್ರೆ, ಮುಲಾಮುಗಳ ಪೆಟ್ಟಿಗೆಯೊಳಗಿನ ಮಡಿಸಿದ ಕಾಗದವನ್ನು ಬಿಡಿಸಿದರೆ, ಕಪ್ಪು ಚೌಕಟ್ಟಿನೊಳಗೆ ಹೃದಯರೋಗ, ಪಾರ್ಶ್ವವಾಯು, ಸ್ತನ ಕ್ಯಾನ್ಸರ್, ಮರೆಗುಳಿತನದ ಕಾಯಿಲೆ (ಡಿಮೆನ್ಷಿಯಾ) ಎಂಬ ಎಚ್ಚರಿಕೆಗಳು ಸಾಲಾಗಿ ಕಾಣುತ್ತಿದ್ದವು. ಔಷಧ ತಂದು, ಕಾಗದ ಓದಿ, ಮುಚ್ಚಿ ಕಪಾಟಿನಲ್ಲಿಟ್ಟವರು ಎಷ್ಟು ಮಂದಿಯೋ.

2025ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಕಪ್ಪು ಚೌಕಟ್ಟನ್ನು ತೆಗೆಸುವುದಾಗಿ ಪ್ರಕಟಿಸಿತು. ಯೋನಿಗೆ ಹಚ್ಚುವ ಔಷಧಗಳಿಂದ ಮಾತ್ರವಲ್ಲ, ನುಂಗುವ ಮಾತ್ರೆ, ಚರ್ಮಕ್ಕೆ ಅಂಟಿಸುವ ಪಟ್ಟಿ, ಜೆಲ್ ಎಲ್ಲದರಿಂದಲೂ. ಉಳಿಸಿಕೊಂಡದ್ದು ಒಂದನ್ನು: ಗರ್ಭಕೋಶ ಇರುವವರು ಈಸ್ಟ್ರೋಜೆನ್ ಒಂದನ್ನೇ ತೆಗೆದುಕೊಂಡರೆ ಅದರ ಒಳಪದರದಲ್ಲಿ ಕ್ಯಾನ್ಸರ್ ಬರಬಹುದು ಎಂಬ ಎಚ್ಚರಿಕೆ.

ಸುದ್ದಿ ಹರಡಿದ ರೀತಿ ಮಾತ್ರ ಹಳೆಯ ಜಾಡಿನದೇ. 2002ರಲ್ಲಿ ‘ಹಾರ್ಮೋನ್ ಅಪಾಯ’ ಎಂದು ಕೂಗಿದ ಬಾಯಿಗಳು ಈಗ ‘ಹಾರ್ಮೋನ್ ಸುರಕ್ಷಿತ’ ಎನ್ನುತ್ತಿವೆ. ನನ್ನ ತಕರಾರು ಇರುವುದು ಆ ಒಂದು ಪದದ ಬಗ್ಗೆ. ಹಾರ್ಮೋನ್ ಚಿಕಿತ್ಸೆ ಎಂಬ ಒಂದು ಔಷಧವೇ ಇಲ್ಲ. ಯಾವ ಹಾರ್ಮೋನ್, ಯಾವ ದಾರಿಯಿಂದ ಮೈಗೆ ಸೇರುತ್ತದೆ, ಯಾವ ವಯಸ್ಸಿನಲ್ಲಿ, ಗರ್ಭಕೋಶ ಇರುವವರಿಗೋ ತೆಗೆಸಿದವರಿಗೋ, ಯಾವ ತೊಂದರೆಗೆ: ಈ ಐದರಲ್ಲಿ ಒಂದು ಬದಲಾದರೂ ಉತ್ತರ ಬದಲಾಗುತ್ತದೆ. ಎಲ್ಲವನ್ನೂ ಒಂದೇ ಗೋಣಿಗೆ ತುಂಬಿ ಹೆದರಿಸಿದ್ದು ಅಂದಿನ ತಪ್ಪು. ಅದೇ ಗೋಣಿಯನ್ನು ತೋರಿಸಿ ಧೈರ್ಯ ಹೇಳುವುದು ಇಂದಿನದು.

ಮೊದಲು ತೊಂದರೆ ಏನೆಂದು ನೋಡೋಣ. ಮುಟ್ಟು ನಿಂತು ಹನ್ನೆರಡು ತಿಂಗಳು ಕಳೆದರೆ ಅದನ್ನು ಋತುಬಂಧ ಎನ್ನುತ್ತಾರೆ. ಆದರೆ ಕಾಟ ಅದಕ್ಕೂ ಕೆಲವು ವರ್ಷ ಮೊದಲೇ, ಮುಟ್ಟು ಹಿಂದುಮುಂದಾಗುವ ಕಾಲದಲ್ಲೇ ಶುರುವಾಗುತ್ತದೆ. ರಾತ್ರಿ ಎರಡು ಗಂಟೆ. ಎದೆಯಿಂದ ಮೇಲಕ್ಕೆ, ಕುತ್ತಿಗೆ, ಮುಖ, ಕಿವಿಯ ತುದಿಯವರೆಗೆ ಝಳ ಏರುತ್ತದೆ. ಹೊದಿಕೆ ಒದ್ದು ಎದ್ದು ಕೂರುವಷ್ಟರಲ್ಲಿ ಬೆನ್ನು, ದಿಂಬು ಬೆವರಿನಲ್ಲಿ ಒದ್ದೆ. ಮೂರು ನಾಲ್ಕು ನಿಮಿಷ ಕಳೆದರೆ ಅದೇ ಮೈಗೆ ನಡುಕ. ಒದ್ದ ಹೊದಿಕೆಯನ್ನು ಮತ್ತೆ ಎಳೆದುಕೊಳ್ಳಬೇಕು. ಇದು ಒಂದು ರಾತ್ರಿಗೆ ಐದಾರು ಬಾರಿ ಆದರೆ ಮರುದಿನದ ಸಿಡುಕಿಗೆ, ಮರೆವಿಗೆ ಬೇರೆ ಕಾರಣ ಹುಡುಕಬೇಕಿಲ್ಲ. ‘ವಯಸ್ಸಾಯಿತು, ಸಹಿಸಿಕೊಳ್ಳಿ’ ಎನ್ನುವವರು ಎಷ್ಟು ದಿನ ಎಂಬ ಲೆಕ್ಕವನ್ನೂ ಹೇಳಬೇಕು. ಅಮೆರಿಕದಲ್ಲಿ ಮಹಿಳೆಯರನ್ನು ವರ್ಷಗಟ್ಟಲೆ ಹಿಂಬಾಲಿಸಿದ ‘ಸ್ವಾನ್’ ಅಧ್ಯಯನದ ಪ್ರಕಾರ, ಪದೇ ಪದೇ ಝಳ ಬರುವವರಲ್ಲಿ ಅದು ಉಳಿಯುವ ಅವಧಿಯ ಮಧ್ಯಮಾಂಕ 7.4 ವರ್ಷ, ಎಂದರೆ ಅರ್ಧದಷ್ಟು ಮಂದಿಗೆ ಅದಕ್ಕಿಂತಲೂ ಹೆಚ್ಚು.

ಝಳದ ಮೂಲ ಚರ್ಮದಲ್ಲಿಲ್ಲ, ಮಿದುಳಿನ ಬುಡದಲ್ಲಿರುವ ಹೈಪೋಥಲಾಮಸ್‌ನಲ್ಲಿದೆ. ಮೈಯ ಉಷ್ಣತೆ ತುಸು ಏರಿಳಿದರೆ ಅದು ಸಾಮಾನ್ಯವಾಗಿ ತಲೆಕೆಡಿಸಿಕೊಳ್ಳುವುದಿಲ್ಲ. ಈಸ್ಟ್ರೋಜೆನ್ ಕುಸಿದಾಗ ಈ ಸಹನೆಯ ಅಂತರ ಕಿರಿದಾಗುತ್ತದೆ. ಎಳ್ಳಷ್ಟು ಬಿಸಿಯಾದರೂ ಬೆಂಕಿ ಬಿದ್ದಂತೆ ಗಾಬರಿಯಾಗಿ, ರಕ್ತನಾಳಗಳನ್ನು ಹಿಗ್ಗಿಸಿ, ಬೆವರು ಹರಿಸಿ ಮೈಯನ್ನು ತಣಿಸಲು ಹೊರಡುತ್ತದೆ. ನರರೋಗಶಾಸ್ತ್ರಜ್ಞೆ ನಾವೋಮಿ ರ್ಯಾನ್ಸ್ ಮರಣೋತ್ತರವಾಗಿ ಮಿದುಳುಗಳನ್ನು ಪರೀಕ್ಷಿಸಿದಾಗ, ಋತುಬಂಧ ದಾಟಿದ ಮಹಿಳೆಯರಲ್ಲಿ ಇಲ್ಲಿಯ ಒಂದು ಗುಂಪಿನ ನರಕೋಶಗಳು ಉಬ್ಬಿರುವುದು ಕಂಡಿತ್ತು. ಈಸ್ಟ್ರೋಜೆನ್ ಎಂಬ ಕಡಿವಾಣ ಇಲ್ಲದೆ ನ್ಯೂರೋಕೈನಿನ್ ಬಿ ಎಂಬ ಸಂದೇಶವಾಹಕವನ್ನು ಹದ್ದುಮೀರಿ ಸುರಿಸುತ್ತಿದ್ದ ಕೋಶಗಳು ಅವು. ಹೊರಗಿನಿಂದ ಈಸ್ಟ್ರೋಜೆನ್ ಕೊಟ್ಟರೆ ಕಡಿವಾಣ ಮರಳುತ್ತದೆ.

ಮರಳುತ್ತದೆ ಎಂಬುದರಲ್ಲಿ ವಿವಾದವಿಲ್ಲ. ಚಿಕಿತ್ಸಾ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2004ರ ಪರಾಮರ್ಶೆಯಲ್ಲಿ, ಔಷಧವಿಲ್ಲದ ಹುಸಿ ಮಾತ್ರೆಗೆ ಹೋಲಿಸಿದರೆ ಹಾರ್ಮೋನ್ ಪಡೆದವರಲ್ಲಿ ಝಳದ ಸಂಖ್ಯೆ ಶೇ 75ರಷ್ಟು ಕಡಿಮೆಯಾಗಿತ್ತು. ಹುಸಿ ಮಾತ್ರೆ ನುಂಗಿದವರಲ್ಲೂ ಝಳ ಮೊದಲಿಗಿಂತ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು ಎಂಬುದು ಅದೇ ಪರಾಮರ್ಶೆಯ ಇನ್ನೊಂದು ಸತ್ಯ. ‘ನಮ್ಮ ಬೇರಿನ ಪುಡಿ ತಿಂದು ಎಷ್ಟೋ ಜನ ಗುಣವಾದರು’ ಎಂಬ ಜಾಹೀರಾತುಗಳ ಬಂಡವಾಳವೂ ಇಲ್ಲೇ ಇದೆ.

ಜಗಳ ಹುಟ್ಟಿದ್ದು ಪರಿಣಾಮದ ಬಗ್ಗೆಯಲ್ಲ, ಅದಕ್ಕೆ ಮೈ ತೆರಬೇಕಾದ ಬೆಲೆಯ ಬಗ್ಗೆ. 1942ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಪ್ರೆಮಾರಿನ್ ಗಬ್ಬದ ಹೆಣ್ಣು ಕುದುರೆಗಳ ಮೂತ್ರದಿಂದ ತೆಗೆದ ಈಸ್ಟ್ರೋಜೆನ್‌ಗಳ ಮಿಶ್ರಣ. ಆ ಹೆಸರೂ ಅದಕ್ಕೆ ಸಂಬಂಧಿಸಿದ ಇಂಗ್ಲಿಷ್ ಪದಗಳ ತುಣುಕುಗಳನ್ನು ಜೋಡಿಸಿದ್ದೇ. ಅರವತ್ತರ ದಶಕದ ಹೊತ್ತಿಗೆ ಋತುಬಂಧವನ್ನೇ ಕೊರತೆಯ ರೋಗವೆಂದು ಕರೆದು, ಈ ಮಾತ್ರೆಯಿಂದ ಯೌವನ ಉಳಿಯುತ್ತದೆ ಎಂದು ನಂಬಿಸುವ ವೈದ್ಯರು ಹುಟ್ಟಿಕೊಂಡರು. ಹೆಣ್ಣು ಮುದುಕಿಯಾಗಬಾರದೆಂಬ ಹಟ ಯಾರದ್ದು ಎಂದು ಅಂದು ಕೇಳಿದವರು ಕಡಿಮೆ. 1975ರಲ್ಲಿ ಮೊದಲ ಪೆಟ್ಟು ಬಿತ್ತು. ಈಸ್ಟ್ರೋಜೆನ್ ಒಂದನ್ನೇ ತೆಗೆದುಕೊಂಡವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹಲವು ಪಟ್ಟು ಹೆಚ್ಚೆಂದು ತಿಳಿದುಬಂತು. ಆ ಒಳಪದರ ಬೆಳೆಯುತ್ತಲೇ ಹೋಗದಂತೆ ತಡೆಯಲು ಜೊತೆಗೆ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹೆಣ್ಣು ಹಾರ್ಮೋನ್ ಅಥವಾ ಅದರ ಕೃತಕ ರೂಪವನ್ನು ಕೊಡುವ ಪದ್ಧತಿ ಬಂದದ್ದು ಅದರ ನಂತರ. ಗರ್ಭಕೋಶ ತೆಗೆಸಿದವರಿಗೆ ಈಸ್ಟ್ರೋಜೆನ್ ಮಾತ್ರ, ಇರುವವರಿಗೆ ಎರಡೂ ಎಂಬ ನಿಯಮ ಇಂದಿಗೂ ಅದೇ.

ದೊಡ್ಡ ಪೆಟ್ಟು ಬಿದ್ದದ್ದು 2002ರ ಜುಲೈನಲ್ಲಿ. ಮಹಿಳೆಯರ ಆರೋಗ್ಯದ ಬಗ್ಗೆ ಅಮೆರಿಕ ಸರ್ಕಾರ ನಡೆಸುತ್ತಿದ್ದ ಬೃಹತ್ ಪ್ರಯೋಗ, ಡಬ್ಲ್ಯುಎಚ್‌ಐ, ತನ್ನ ಒಂದು ಭಾಗವನ್ನು ಅವಧಿಗೆ ಮುನ್ನ ನಿಲ್ಲಿಸಿತು. ಗರ್ಭಕೋಶ ಇರುವ 16,608 ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ಕುದುರೆ ಮೂಲದ ಈಸ್ಟ್ರೋಜೆನ್ ಮತ್ತು ಮೆಡ್ರಾಕ್ಸಿಪ್ರೊಜೆಸ್ಟರಾನ್ ಎಂಬ ಕೃತಕ ಹಾರ್ಮೋನ್ ಸೇರಿದ ಮಾತ್ರೆ, ಉಳಿದವರಿಗೆ ಹುಸಿ ಮಾತ್ರೆ. ಸರಾಸರಿ 5.2 ವರ್ಷಗಳಲ್ಲಿ ಸ್ತನ ಕ್ಯಾನ್ಸರ್ ಶೇ 26ರಷ್ಟು, ಹೃದಯಾಘಾತದಂಥ ಹೃದ್ರೋಗ ಶೇ 29ರಷ್ಟು, ಪಾರ್ಶ್ವವಾಯು ಶೇ 41ರಷ್ಟು ಹೆಚ್ಚು ಕಂಡವು. ಮರುದಿನದ ಪತ್ರಿಕೆಗಳಿಗೆ ಇಷ್ಟು ಸಾಕಾಗಿತ್ತು. ಜಗತ್ತಿನ ಮೂಲೆಮೂಲೆಯಲ್ಲಿ ಮಾತ್ರೆಗಳು ಕಸದ ಬುಟ್ಟಿ ಸೇರಿದವು.

ಇಲ್ಲಿ ಸ್ವಲ್ಪ ನಿಂತು ಆ ಶೇ 26 ಅನ್ನು ಬಿಡಿಸಿ ನೋಡಬೇಕು. ಹುಸಿ ಮಾತ್ರೆ ನುಂಗಿದ ಹತ್ತು ಸಾವಿರ ಮಹಿಳೆಯರಲ್ಲಿ ಒಂದು ವರ್ಷದಲ್ಲಿ 30 ಮಂದಿಗೆ ಸ್ತನ ಕ್ಯಾನ್ಸರ್ ಬಂದಿತ್ತು. ಔಷಧ ನುಂಗಿದ ಹತ್ತು ಸಾವಿರದಲ್ಲಿ 38 ಮಂದಿಗೆ. ಹೆಚ್ಚಿದ್ದು ಎಂಟು. ಪಾರ್ಶ್ವವಾಯುವೂ ಎಂಟು, ಶ್ವಾಸಕೋಶಕ್ಕೆ ಹೆಪ್ಪು ಹೋಗಿ ಸಿಕ್ಕಿಕೊಂಡ ಪ್ರಕರಣಗಳೂ ಎಂಟು, ಹೃದ್ರೋಗ ಏಳು. ಇನ್ನೊಂದು ತಟ್ಟೆಯಲ್ಲಿ ಕರುಳಿನ ಕ್ಯಾನ್ಸರ್ ಆರು ಕಡಿಮೆ, ಸೊಂಟದ ಮೂಳೆ ಮುರಿತ ಐದು ಕಡಿಮೆ. ಈ ಎರಡನೆಯ ತಟ್ಟೆಯ ಸುದ್ದಿಯನ್ನು ಯಾರೂ ದಪ್ಪಕ್ಷರದಲ್ಲಿ ಅಚ್ಚು ಹಾಕಲಿಲ್ಲ.

ಹತ್ತು ಸಾವಿರಕ್ಕೆ ಎಂಟು ಎಂದೊಡನೆ ‘ಓ, ಇಷ್ಟೇನಾ’ ಎಂದು ಉಸಿರು ಬಿಡುವುದೂ ತರವಲ್ಲ. ಅದು ಒಂದು ವರ್ಷದ ಲೆಕ್ಕ. ಜಗತ್ತಿನ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ ಬೇರೆ ಬಗೆಯಲ್ಲಿ ಎಣಿಸಿತು. ಐವತ್ತನೆಯ ವಯಸ್ಸಿಗೆ ಶುರುಮಾಡಿ, ಎರಡೂ ಹಾರ್ಮೋನ್‌ಗಳನ್ನು ದಿನವೂ ಐದು ವರ್ಷ ತೆಗೆದುಕೊಂಡು ನಿಲ್ಲಿಸಿದರೆ, ಮುಂದಿನ ಒಟ್ಟು ಇಪ್ಪತ್ತು ವರ್ಷಗಳಲ್ಲಿ ಸ್ತನ ಕ್ಯಾನ್ಸರ್ ಬರುವವರು ಸಾವಿರಕ್ಕೆ 63ರಿಂದ 83ಕ್ಕೆ ಏರುತ್ತಾರೆ. ಎಂದರೆ ಐವತ್ತು ಮಂದಿಯಲ್ಲಿ ಒಬ್ಬರು ಹೆಚ್ಚು. ಪ್ರೊಜೆಸ್ಟರಾನ್ ಬಗೆಯದ್ದನ್ನು ತಿಂಗಳಲ್ಲಿ ಕೆಲವೇ ದಿನ ತೆಗೆದುಕೊಂಡವರಲ್ಲಿ ಎಪ್ಪತ್ತಕ್ಕೆ ಒಬ್ಬರು, ಈಸ್ಟ್ರೋಜೆನ್ ಮಾತ್ರ ಪಡೆದವರಲ್ಲಿ ಇನ್ನೂರಕ್ಕೆ ಒಬ್ಬರು. ದೂರದ ಬೆಟ್ಟ ನುಣ್ಣಗೆ ಎನ್ನುತ್ತೇವೆ. ಈ ಅಂಕಿಗಳಲ್ಲಿ ನುಣ್ಣಗೆ ಕಾಣುವುದು ಹತ್ತಿರದ ಬೆಟ್ಟವೇ. ಒಂದು ವರ್ಷದ ಲೆಕ್ಕ ತೋರಿಸಿದರೆ ಧೈರ್ಯ ಬರುತ್ತದೆ, ಇಪ್ಪತ್ತು ವರ್ಷದ್ದು ತೋರಿಸಿದರೆ ಅಳುಕು, ಶೇಕಡಾವಾರು ತೋರಿಸಿದರೆ ದಿಗಿಲು. ಮೂರೂ ಸುಳ್ಳಲ್ಲ. ಹೇಳುವವರು ಯಾವುದನ್ನು ಆರಿಸಿಕೊಂಡರು ಎಂಬುದನ್ನು ನೋಡಿದರೆ ಅವರ ಮನಸ್ಸಿನಲ್ಲೇನಿದೆ ಎಂದು ತಿಳಿಯುತ್ತದೆ.

ಡಬ್ಲ್ಯುಎಚ್‌ಐ ಮೇಲೆ ಈಗ ಎಲ್ಲರೂ ಕಲ್ಲೆಸೆಯುತ್ತಾರೆ. ಅದು ಕೆಟ್ಟ ಪ್ರಯೋಗವಾಗಿರಲಿಲ್ಲ, ಬೇರೆ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದ ಪ್ರಯೋಗವಾಗಿತ್ತು. ಝಳಕ್ಕೆ ಮದ್ದು ಹುಡುಕುವುದು ಅದರ ಉದ್ದೇಶವಲ್ಲ. ವಯಸ್ಸಾದ ಮೇಲೆ ಬರುವ ಹೃದ್ರೋಗ, ಮೂಳೆಮುರಿತಗಳನ್ನು ಹಾರ್ಮೋನ್ ತಡೆಯುತ್ತದೆಯೇ ಎಂದು ತಿಳಿಯಬೇಕಿತ್ತು. ಹಾಗಾಗಿ 50ರಿಂದ 79 ವರ್ಷದವರನ್ನು ಸೇರಿಸಿಕೊಂಡರು, ಸರಾಸರಿ ವಯಸ್ಸು 63. ಝಳ ತಡೆಯಲಾಗದೆ ವೈದ್ಯರ ಬಾಗಿಲು ತಟ್ಟುವ ಐವತ್ತರ ಹೆಂಗಸಿಗೂ, ಮುಟ್ಟು ನಿಂತು ಹದಿನೈದು ವರ್ಷವಾಗಿ ರಕ್ತನಾಳಗಳಲ್ಲಿ ಆಗಲೇ ಕೊಬ್ಬು ಕಟ್ಟಿಕೊಂಡಿರುವ ಅರವತ್ತೈದರ ಹೆಂಗಸಿಗೂ ಒಂದೇ ಉತ್ತರ ಅನ್ವಯವಾಯಿತು. ಡಿಮೆನ್ಷಿಯಾದ ಎಚ್ಚರಿಕೆಯಂತೂ ಬಂದದ್ದು 65 ದಾಟಿದವರನ್ನು ಮಾತ್ರ ನೋಡಿದ ಉಪ ಅಧ್ಯಯನದಿಂದ. ಅದೇ ವಾಕ್ಯ 10 ಮೈಕ್ರೋಗ್ರಾಂ ಮಾತ್ರೆಯ ಕಾಗದಕ್ಕೂ ಹೋಗಿ ಕುಳಿತದ್ದು ವಿಜ್ಞಾನಕ್ಕಿಂತ ಕಚೇರಿಯ ಪದ್ಧತಿಯ ಕೆಲಸ. ಹಾಗೆಂದು ಆ ಪ್ರಯೋಗವನ್ನು ಗುಡಿಸಿ ಹಾಕಲಾಗದು. ಹೃದಯಕ್ಕೆ ಒಳ್ಳೆಯದೆಂದು ಅರವತ್ತೈದರ ಆರೋಗ್ಯವಂತ ಮಹಿಳೆಯರಿಗೆ ಈ ಮಾತ್ರೆ ಬರೆದುಕೊಡುತ್ತಿದ್ದ ಕಾಲವನ್ನು ಅದೇ ನಿಲ್ಲಿಸಿದ್ದು.

ವಯಸ್ಸಿನ ಪ್ರಕಾರ ಬಿಡಿಸಿ ನೋಡಿದಾಗ ಚಿತ್ರ ಬದಲಾಯಿತು. ಇಂದು ಹೆಚ್ಚಿನ ವೈದ್ಯ ಸಂಘಗಳ ನಿಲುವು ಹೀಗಿದೆ: ಅರವತ್ತರೊಳಗಿನವರು, ಅಥವಾ ಮುಟ್ಟು ನಿಂತು ಹತ್ತು ವರ್ಷದೊಳಗಿನವರು, ಬೇರೆ ತೊಡಕಿಲ್ಲದವರು, ಕಾಡುವ ಝಳಕ್ಕಾಗಿ ತೆಗೆದುಕೊಂಡರೆ ಲಾಭದ ತಟ್ಟೆ ಭಾರ. 2016ರಲ್ಲಿ ಪ್ರಕಟವಾದ ‘ಎಲೀಟ್’ ಪ್ರಯೋಗವೂ ಇದನ್ನೇ ಸೂಚಿಸಿತು: ಮುಟ್ಟು ನಿಂತು ಆರು ವರ್ಷದೊಳಗೆ ಈಸ್ಟ್ರಡಯೋಲ್ ಶುರುಮಾಡಿದವರ ಕತ್ತಿನ ರಕ್ತನಾಳದ ಗೋಡೆ ದಪ್ಪವಾಗುವುದು ನಿಧಾನವಾಯಿತು, ಹತ್ತು ವರ್ಷದ ನಂತರ ಶುರುಮಾಡಿದವರಲ್ಲಿ ಆ ಲಾಭ ಇರಲಿಲ್ಲ. ಆದರೆ ಅಳೆದದ್ದು ಗೋಡೆಯ ದಪ್ಪವನ್ನು, ತಪ್ಪಿದ ಹೃದಯಾಘಾತಗಳನ್ನಲ್ಲ.

ಇನ್ನು ದಾರಿಯ ವಿಷಯ. ನನ್ನ ಪ್ರಕಾರ ಹೊಸ ತಿಳಿವಳಿಕೆಯಲ್ಲಿ ಅತ್ಯಂತ ಉಪಯುಕ್ತವಾದದ್ದು ಇದೇ, ಸುದ್ದಿಯಲ್ಲಿ ಅತಿ ಕಡಿಮೆ ಕೇಳಿಬರುವುದೂ ಇದೇ. ನುಂಗಿದ ಈಸ್ಟ್ರೋಜೆನ್ ಕರುಳಿನಿಂದ ನೇರವಾಗಿ ಯಕೃತ್ತಿಗೆ ಹೋಗುತ್ತದೆ. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳು ತಯಾರಾಗುವ ಅಡುಗೆಮನೆ ಯಕೃತ್ತು. ಒಮ್ಮೆಗೇ ಬಂದ ಅಷ್ಟು ಹಾರ್ಮೋನ್ ಕಂಡು ಅದು ಒಲೆ ಜೋರುಮಾಡುತ್ತದೆ. ಹೊಟ್ಟೆಯ ಕೆಳಭಾಗಕ್ಕೋ ಪಿರ್ರೆಗೋ ಅಂಟಿಸಿದ ಪಟ್ಟಿಯಿಂದ, ತೋಳಿಗೆ ಸವರಿದ ಜೆಲ್‌ನಿಂದ ಒಸರುವ ಈಸ್ಟ್ರಡಯೋಲ್ ಚರ್ಮದ ಮೂಲಕ ರಕ್ತಕ್ಕೆ ಸೇರುತ್ತದೆ, ಯಕೃತ್ತಿಗೆ ಏಟು ಕೊಡುವುದಿಲ್ಲ. ಬ್ರಿಟನ್‌ನ ವೈದ್ಯರ ದಾಖಲೆಗಳನ್ನು ಆಧರಿಸಿ 2019ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ಮಾತ್ರೆ ನುಂಗುವವರಿಗೆ ಹೆಪ್ಪಿನ ಅಪಾಯ ಹೆಚ್ಚಿತ್ತು, ಪಟ್ಟಿ ಅಥವಾ ಜೆಲ್ ಬಳಸುವವರಿಗೆ ಹೆಚ್ಚಿರಲಿಲ್ಲ. ಒಂದೇ ಹಾರ್ಮೋನ್, ಒಂದೇ ಮೈ. ಬಾಗಿಲು ಮಾತ್ರ ಬೇರೆ. ತೂಕ ಹೆಚ್ಚಿರುವವರಿಗೆ, ಮೈಗ್ರೇನ್ ಇರುವವರಿಗೆ ವೈದ್ಯರು ಪಟ್ಟಿಯನ್ನೇ ಮುಂದಿಡುವುದು ಇದಕ್ಕಾಗಿ.

ಜೊತೆಗಾರ ಹಾರ್ಮೋನ್‌ನದ್ದೂ ಹೀಗೆಯೇ. ಸ್ತನ ಕ್ಯಾನ್ಸರ್‌ನ ಹೆಚ್ಚಿನ ಹೊರೆ ಈಸ್ಟ್ರೋಜೆನ್‌ಗಿಂತ ಜೊತೆಗೆ ಕೊಡುವ ಕೃತಕ ಪ್ರೊಜೆಸ್ಟರಾನ್‌ನದು ಎಂಬ ಅನುಮಾನ ಬಲವಾಗಿದೆ. ಅಂಡಾಶಯದಲ್ಲಿ ಉತ್ಪತ್ತಿಯಾಗುವ ಪ್ರೊಜೆಸ್ಟರಾನ್‌ನದೇ ರಚನೆಯ, ನುಣ್ಣಗೆ ಅರೆದು ತಯಾರಿಸಿದ ಮಾತ್ರೆ ಬಳಸಿದವರಲ್ಲಿ ಅಪಾಯ ಕಡಿಮೆಯೆಂದು ಫ್ರಾನ್ಸಿನ ‘ಇ3ಎನ್’ ಅಧ್ಯಯನ ಹೇಳಿತು. ರಾತ್ರಿ ಮಲಗುವಾಗ ತೆಗೆದುಕೊಂಡರೆ ತುಸು ನಿದ್ದೆ ತರಿಸುವ ಗುಣವೂ ಅದಕ್ಕಿದೆ, ಇಲ್ಲಿ ಅದು ದೋಷವಲ್ಲ. ಆದರೆ ‘ಇ3ಎನ್’ ಯಾರು ಏನು ಬಳಸಿದರೆಂದು ಗಮನಿಸುತ್ತ ಹೋದ ಅಧ್ಯಯನ, ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗವಲ್ಲ.

ಈ ಭೇದ ಎಷ್ಟು ಮುಖ್ಯ ಎಂಬುದಕ್ಕೆ ಈಸ್ಟ್ರೋಜೆನ್‌ನ ಒಗಟೇ ಸಾಕ್ಷಿ. ಗರ್ಭಕೋಶ ತೆಗೆಸಿದ್ದ 10,739 ಮಹಿಳೆಯರ ಮೇಲೆ ಡಬ್ಲ್ಯುಎಚ್‌ಐ ನಡೆಸಿದ ಇನ್ನೊಂದು ಪ್ರಯೋಗದಲ್ಲಿ ಬರಿಯ ಈಸ್ಟ್ರೋಜೆನ್ ಪಡೆದವರಿಗೆ ಪಾರ್ಶ್ವವಾಯು ಹೆಚ್ಚಿತು, ಹಾಗಾಗಿ 2004ರಲ್ಲಿ ಅದನ್ನೂ ನಿಲ್ಲಿಸಿದರು. ಸ್ತನ ಕ್ಯಾನ್ಸರ್ ಮಾತ್ರ ಹೆಚ್ಚಲಿಲ್ಲ. ಇಪ್ಪತ್ತು ವರ್ಷ ಹಿಂಬಾಲಿಸಿ 2020ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಆ ಕ್ಯಾನ್ಸರೂ ಅದರಿಂದಾದ ಸಾವೂ ಕಡಿಮೆಯೇ ಇದ್ದವು. ಲ್ಯಾನ್ಸೆಟ್‌ನ ಲೆಕ್ಕವಾದರೋ ಇನ್ನೂರಕ್ಕೆ ಒಬ್ಬರು ಹೆಚ್ಚು ಎನ್ನುತ್ತದೆ. ಇಬ್ಬರು ಪಂಡಿತರ ನಡುವಿನ ಈ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ.

ಇಷ್ಟೆಲ್ಲ ‘ಆದರೆ’ಗಳಿರುವಾಗ 2025ರ ಪ್ರಕಟಣೆಯಲ್ಲಿ ನನಗೆ ಅರ್ಧ ಮಾತ್ರ ಸಮಾಧಾನ. ಯೋನಿಗೆ ಹಚ್ಚುವ ಕಡಿಮೆ ಪ್ರಮಾಣದ ಔಷಧದ ಮೇಲಿನ ಚೌಕಟ್ಟು ಎಂದೋ ಹೋಗಬೇಕಿತ್ತು. ಆ ವಿಷಯದಲ್ಲಿ ತಜ್ಞರಲ್ಲಿ ಹೆಚ್ಚು ಭಿನ್ನಮತವೂ ಇರಲಿಲ್ಲ. ಉರಿ, ಸಂಭೋಗದ ನೋವಷ್ಟೇ ಅಲ್ಲ, ಮತ್ತೆ ಮತ್ತೆ ಮರಳುವ ಮೂತ್ರನಾಳದ ಸೋಂಕನ್ನೂ ಅದು ತಗ್ಗಿಸುತ್ತದೆ. ಝಳ ವರ್ಷಗಳಲ್ಲಿ ತಾನಾಗಿ ಇಳಿಯಬಹುದು, ಒಣಗುವಿಕೆ ಇಳಿಯುವುದಿಲ್ಲ, ವಯಸ್ಸಿನೊಂದಿಗೆ ಹೆಚ್ಚುತ್ತದೆ. ಎಪ್ಪತ್ತರ ಅಜ್ಜಿಗೆ ಪದೇ ಪದೇ ಆಂಟಿಬಯೋಟಿಕ್ ಕೊಡುವಾಗ ಈ ಮುಲಾಮಿನ ನೆನಪು ಯಾರಿಗೂ ಆಗದಿರುವುದು ನಾಚಿಕೆಯ ಸಂಗತಿ. ತಕರಾರಿರುವುದು ಉಳಿದರ್ಧಕ್ಕೆ. ಇಡೀ ಮೈಗೆ ಸೇರುವ ಮಾತ್ರೆ, ಪಟ್ಟಿಗಳ ಬಗ್ಗೆ ಮಾತನಾಡುವಾಗ ಅಧಿಕಾರಸ್ಥರು ಝಳದ ಶಮನಕ್ಕೆ ನಿಲ್ಲದೆ, ಹೃದಯಕ್ಕೂ ಮಿದುಳಿಗೂ ರಕ್ಷಣೆ ಎಂಬ ಮಾತಿಗೆ ಹೋದರು. ರೋಗ ತಡೆಗಟ್ಟುವ ಕ್ರಮಗಳನ್ನು ಪರಿಶೀಲಿಸುವ ಅಮೆರಿಕದ್ದೇ ತಜ್ಞರ ಕಾರ್ಯಪಡೆ, ಯುಎಸ್‌ಪಿಎಸ್‌ಟಿಎಫ್, 2022ರಲ್ಲಿ ಹೇಳಿದ್ದು ಇದರ ತದ್ವಿರುದ್ಧ: ದೀರ್ಘಕಾಲದ ಕಾಯಿಲೆಗಳನ್ನು ತಡೆಯಲೆಂದು ಹಾರ್ಮೋನ್ ಕೊಡಬೇಡಿ. ತೊಂದರೆಯಿಲ್ಲದವರಿಗೆ ಮುಪ್ಪು ಮುಂದೂಡುವ ಮದ್ದೆಂದು ಇದನ್ನು ಮಾರುವ ದಿನ ಮತ್ತೆ ಬಂದರೆ ನಾವು ಅರವತ್ತರ ದಶಕಕ್ಕೆ ಮರಳಿದಂತೆ.

ಅಪವಾದವೊಂದಿದೆ. ನಲವತ್ತಕ್ಕೂ ಮುಂಚೆ ಅಂಡಾಶಯ ಕೈಕೊಟ್ಟವರಿಗೆ, ಶಸ್ತ್ರಚಿಕಿತ್ಸೆಯಲ್ಲಿ ಎಳೆಯ ವಯಸ್ಸಿಗೇ ಎರಡನ್ನೂ ತೆಗೆಸಿಕೊಂಡವರಿಗೆ, ಝಳ ಇರಲಿ ಬಿಡಲಿ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹಾರ್ಮೋನ್ ಕೊಡಬೇಕೆಂದೇ ಮಾರ್ಗಸೂಚಿಗಳು ಹೇಳುತ್ತವೆ. ಅವರ ಮೂಳೆ, ಹೃದಯಗಳಿಗೆ ಅದು ಸಿಗಬೇಕಾದ ವರ್ಷಗಳಲ್ಲೇ ಸಿಗದೆ ಹೋಗಿರುತ್ತದೆ. ವಿಚಿತ್ರವೆಂದರೆ 2002ರ ಹೆದರಿಕೆಯಲ್ಲಿ ಈ ಕಿರಿಯರೂ ಔಷಧ ಬಿಟ್ಟರು.

ಯಾರಿಗೆ ಕೂಡದು ಎಂಬುದೂ ಅಷ್ಟೇ ಸ್ಪಷ್ಟ. ಸ್ತನ ಕ್ಯಾನ್ಸರ್ ಬಂದು ಹೋದವರು, ಕಾರಣ ತಿಳಿಯದ ರಕ್ತಸ್ರಾವ ಇರುವವರು, ಪಾರ್ಶ್ವವಾಯು ಅಥವಾ ಹೃದಯಾಘಾತ ಆದವರು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಇತಿಹಾಸವಿರುವವರು, ಯಕೃತ್ತಿನ ಕಾಯಿಲೆ ಸಕ್ರಿಯವಾಗಿರುವವರು ಸಾಮಾನ್ಯವಾಗಿ ಇದರಿಂದ ದೂರ. ಅವರಲ್ಲಿ ಹಲವರಿಗೆ ಈಗ ಹೊಸ ಬಾಗಿಲೊಂದು ತೆರೆದಿದೆ. ಉಬ್ಬಿದ ಆ ನರಕೋಶಗಳ ಸಂದೇಶವನ್ನೇ ತಡೆಯುವ ಫೆಜೋಲಿನೆಟಂಟ್‌ಗೆ ಎಫ್‌ಡಿಎ 2023ರಲ್ಲಿ ಒಪ್ಪಿಗೆ ಕೊಟ್ಟಿತು, ಎಲಿನ್ಜಾನೆಟಂಟ್‌ಗೆ 2025ರಲ್ಲಿ. ಹಾರ್ಮೋನ್ ಇಲ್ಲದೆ ಝಳ ಇಳಿಸುವುದು ದೊಡ್ಡ ಗೆಲುವೇ. ಆದರೆ ಅವು ಮೂಳೆಗೂ ಯೋನಿಗೂ ಏನೂ ಮಾಡುವುದಿಲ್ಲ. ಫೆಜೋಲಿನೆಟಂಟ್ ಅಪರೂಪಕ್ಕೆ ಯಕೃತ್ತಿಗೆ ತೀವ್ರ ಹಾನಿ ಮಾಡಬಹುದೆಂದು 2024ರ ಡಿಸೆಂಬರ್‌ನಲ್ಲಿ ಅದರ ಕಾಗದಕ್ಕೂ ಕಪ್ಪು ಚೌಕಟ್ಟು ಬಂತು. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳೂ ಝಳವನ್ನು ಸ್ವಲ್ಪ ಇಳಿಸುತ್ತವೆ. ಸ್ತನ ಕ್ಯಾನ್ಸರ್‌ಗೆ ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುತ್ತಿರುವವರು ಮಾತ್ರ ಅವುಗಳಲ್ಲೊಂದಾದ ಪ್ಯಾರಾಕ್ಸೆಟಿನ್ ಮುಟ್ಟಬಾರದು, ಕ್ಯಾನ್ಸರ್ ಔಷಧದ ಕೆಲಸವನ್ನೇ ಅದು ಕುಂದಿಸಬಹುದು. ಇನ್ನು ‘ನೈಸರ್ಗಿಕ ಹಾರ್ಮೋನ್’ ಎಂದು ಹೆಸರಿಟ್ಟು, ಜೊಲ್ಲು ಪರೀಕ್ಷಿಸಿ, ನಿಮಗೆಂದೇ ಬೆರೆಸಿ ಚರ್ಮದಡಿ ಗುಳಿಗೆ ಹೂಳುವವರ ವ್ಯಾಪಾರಕ್ಕೆ ಇಲ್ಲಿ ಒಂದು ಸಾಲಿಗಿಂತ ಹೆಚ್ಚು ಜಾಗ ಕೊಡಲಾರೆ: ಹೂತದ್ದನ್ನು ಬೇಡವೆಂದಾಗ ತೆಗೆಯಲಾಗುವುದಿಲ್ಲ.

ಎಷ್ಟು ವರ್ಷ ತೆಗೆದುಕೊಳ್ಳಬಹುದು ಎಂಬುದಕ್ಕೆ ಗೋಡೆಗೆ ಬರೆದಿಟ್ಟ ಅವಧಿಯಿಲ್ಲ. ಐದು ವರ್ಷವಾಯಿತೆಂದು ಕಡ್ಡಾಯವಾಗಿ ನಿಲ್ಲಿಸುವ ಹಳೆಯ ಪದ್ಧತಿಯನ್ನು ಈಗಿನ ಮಾರ್ಗಸೂಚಿಗಳು ಒತ್ತಾಯಿಸುವುದಿಲ್ಲ, ವರ್ಷಕ್ಕೊಮ್ಮೆ ಕುಳಿತು ಮತ್ತೆ ತೂಗಿ ನೋಡಿ ಎನ್ನುತ್ತವೆ. ಇನ್ನೂ ಬೇಕೇ ಎಂದು ತಿಳಿಯಲು ರಕ್ತಪರೀಕ್ಷೆಯೂ ಇಲ್ಲ. ಪ್ರಮಾಣ ಇಳಿಸಿ, ಕೊನೆಗೆ ನಿಲ್ಲಿಸಿ, ಕಾಯುವುದೊಂದೇ ದಾರಿ. ಸರಿಸುಮಾರು ಅರ್ಧದಷ್ಟು ಮಂದಿಗೆ ಝಳ ಮರಳುತ್ತದೆ: ಕೆಲವು ವಾರ ಕಳೆದು ಒಂದು ರಾತ್ರಿ ಅದೇ ಎರಡು ಗಂಟೆ, ಅದೇ ಒದ್ದೆ ದಿಂಬು, ಬೆಳಗಾದೊಡನೆ ಪಟ್ಟಿ ಮತ್ತೆ ಹೊಟ್ಟೆಯ ಮೇಲೆ. ಉಳಿದವರಿಗೆ ಏನೂ ಆಗುವುದಿಲ್ಲ. ಮಿಕ್ಕ ಪಟ್ಟಿಗಳು ಮೇಜಿನ ಖಾನೆಯಲ್ಲೇ ಅವಧಿ ಮೀರುತ್ತವೆ.